ಪರದೆಯ ಕೆಳಗಿನ ಬೂಟುಗಳು

ಜೂನ್ 8, ಭಾನುವಾರ

ಕೈಗೊಂಬೆಯ ಕುತ್ತಿಗೆ ಮತ್ತೆ ಹರಿದಿದೆ. ಹೊಲಿಯುತ್ತಾ ಕೂತಿದ್ದೇನೆ. ಬೆಳಿಗ್ಗೆ ಗೋಕುಲ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ಶೋ. ಎಂದಿನಂತೆ ನಾನು ಪರದೆ ಕಟ್ಟಿದ ಗೂಡಿನೊಳಗೆ, ಎರಡೂ ಕೈ ಮೇಲೆತ್ತಿ. ನನ್ನ ಜೊತೆಗಾತಿ ಮಯೂರಿ ಹೊರಗೆ, ಡೋಲು ಬಾರಿಸುತ್ತಾ ಗೊಂಬೆಯ ಜೊತೆ ಮಾತಿಗೆ. ಮುಗಿಸಿ, ಬೆವರು ಒರೆಸಿಕೊಂಡು ಹೊರಬಂದರೆ ಎಲ್ಲರೂ ಅವಳ ಸುತ್ತ. ಸೆಲ್ಫಿ. ಒಬ್ಬ ಹೆಂಗಸು ನನ್ನ ಕಡೆ ತಿರುಗಿ, "ಸಾಮಾನ ಎತ್ತಾಕ ಬಂದೀರೇನ್ರಿ? ಲಿಫ್ಟ್ ಆ ಕಡೆ ಐತಿ ನೋಡ್ರಿ" ಎಂದರು.

ಎತ್ತಿದೆ.

ಜೂನ್ 12

ಗೊಂಬೆಗೆ ಜರಿ ತರಲು ದುರ್ಗದಬೈಲ್ ಪೇಟೆಗೆ ಹೋದವಳು ಕಾಸಿಮಸಾಬರ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿಕೊಂಡೆ. ಯಾವುದೋ ಇಂಗ್ಲಿಷ್ ಪತ್ರಿಕೆಯಿಂದ ಕಿತ್ತ ಹಾಳೆ — ವಿಕ್ಟೋರಿಯಾ ರಾಣಿ ಕಾಲದ ಕೆತ್ತನೆ ಚಿತ್ರ. ಲಂಡನ್ನಿನ ಬೀದಿ, ಗೊಂಬೆಯಾಟ. ಕೊಕ್ಕಿನಂಥ ಮೂಗಿನ ಗೊಂಬೆ ಕೋಲು ಎತ್ತಿದೆ. ಕೂಸನ್ನು ಎತ್ತಿ ತೋರಿಸುವ ತಾಯಿ, ತಲೆಯ ಮೇಲಿನ ಬುಟ್ಟಿ ಮರೆತು ನಿಂತವನು, ಬಾಯಿ ತೆರೆದ ಮುದುಕ, ಒಂದು ನಾಯಿ. ಪಕ್ಕದಲ್ಲಿ ಡೋಲಿನವನು. ಆಡಿಸುವವನು? ಪರದೆಯ ಕೆಳಗೆ ಎರಡು ಸವೆದ ಬೂಟು. ಅಷ್ಟೇ.

ನೋಡುತ್ತಾ ನಿಂತೇಬಿಟ್ಟೆ. ಆಟ ನಡೆಯುವಾಗ ನಮ್ಮ ಜನರ ಮುಖ ನಾನು ಯಾವತ್ತೂ ನೋಡಿಲ್ಲ. ಹೀಗೇ ಇರುತ್ತವೆಯೇ?

ಜೂನ್ 13

ದೇಶಪಾಂಡೆ ನಗರದ ನಮ್ಮ ತಾಲೀಮಿನ ಕೋಣೆಯಲ್ಲಿ, ಕೊಂಡು ತಂದ ಆ ಚಿತ್ರವನ್ನು ಗೋಡೆಗೆ ಹಚ್ಚಿದೆ. ಮಯೂರಿ ಕುಣಿದಳು. "ಉಮಾ, ಡೋಲಿನಾಂವ ನಾನ ನೋಡು! ನೀ ಎಲ್ಲಿ ಅದಿ?"

ಬೂಟು ತೋರಿಸಿದೆ. ನಕ್ಕಳು. ನಾನೂ ನಕ್ಕೆ...

ಜೂನ್ 24

ಭಾನುವಾರದ ಶೋಗೆ ಮಯೂರಿ ಮಾಡಿಸಿದ ಪೋಸ್ಟರ್ ಬಂತು. ಅದೇ ಚಿತ್ರ, ನನ್ನನ್ನು ಕೇಳದೆ. ಮೇಲೆ ದಪ್ಪಕ್ಷರ — ‘ಮಯೂರಿಯ ಗೊಂಬೆಯಾಟ’. ಕೆಳಗೆ ಬೂಟುಗಳಿಲ್ಲ.

"ಸೈಜಿಗೆ ಕೂಡಲಿಲ್ಲಂತ. ಕೆಳಗ ಕಟ್ ಆತು."

"ನನ್ನ ಹೆಸರು?"

"ಎರಡು ಹೆಸರು ಹಿಡೀಲಿಲ್ಲ, ಉಮಾ."

ಹಿಡಿಯಲಿಲ್ಲವಂತೆ.

ಜೂನ್ 29, ಭಾನುವಾರ, ಮಧ್ಯಾಹ್ನ

ಬೆಳಿಗ್ಗೆ ಪಾರ್ಕಿನಲ್ಲಿ ಶೋ. ಕಿಕ್ಕಿರಿದ ಜನ. ಅರ್ಧದಲ್ಲಿ ಗೊಂಬೆಯ ಬಾಯಿಂದ ಹೇಳಿಸಿದೆ — "ಏ ಡೋಲಿನಾಕಿ, ನಿನಗ ಬರೂದು ಫೋಟೋಕ್ಕ ನಿಂದ್ರೂದು ಒಂದ ನೋಡು!" ಜನ ಹೋ ಎಂದು ನಕ್ಕರು. ಡೋಲು ನಿಂತಿತು. ಮತ್ತೊಮ್ಮೆ ಹೇಳಿಸಿದೆ. ಎರಡನೇ ಸಲ ಯಾಕೆ ಹೇಳಿಸಿದೆ?

ಪರದೆ ಸರ್ರನೆ ಸರಿಯಿತು. ಬೆಳಕು.

"ನೋಡ್ರಿ, ಎಲ್ಲಾ ಇವರ ಮಾಡೂದು. ಕಣ್ತುಂಬ ನೋಡ್ರಿ!" — ಮಯೂರಿಯ ದನಿ, ಆಟದಲ್ಲಿದ್ದಷ್ಟೇ ಜೋರು.

ಅಷ್ಟೂ ಮುಖ ನನ್ನ ಮೇಲೆ. ಕೈಗಳು ತಾವಾಗಿ ಇಳಿದವು. ಮುಂದೆ ಕೂತಿದ್ದ ಪುಟ್ಟ ಹುಡುಗಿ ಚೀರಿ ಅತ್ತಳು. "ಅವ್ವಾ, ಗೊಂಬಿ ಸತ್ತು ಹೋತು!"

ಆಗಸ್ಟ್ 17

ಆ ದಿನದಿಂದ ಮಯೂರಿ ಫೋನ್ ಮಾಡಿಲ್ಲ. ನಾನೂ ಮಾಡಿಲ್ಲ. ನಿನ್ನೆ ಒಂದು ಸಾಲೆಯಲ್ಲಿ ಒಬ್ಬಳೇ ಆಡಿಸಿದೆ. ಗೊಂಬೆ ಪ್ರಶ್ನೆ ಕೇಳಿತು — ಉತ್ತರ ಕೊಡಲು ಹೊರಗೆ ಯಾರೂ ಇಲ್ಲ. ಮಕ್ಕಳು ಕೆಮ್ಮುವುದು ಕೇಳಿಸುತ್ತಿತ್ತು.

ಮಯೂರಿಯ ಜೊತೆ ಈಗ ಸುಹಾಸಿನಿ ಗೊಂಬೆ ಆಡಿಸುತ್ತಾಳಂತೆ. ನಾನೇ ಕೈ ಹಿಡಿದು ಕಲಿಸಿದ ಹುಡುಗಿ.

ಆಗಸ್ಟ್ 24, ಸಂಜೆ

ಮಯೂರಿಯ ಶೋಗೆ ಹೋದೆ. ಜನರ ನಡುವೆ ನಿಂತೆ. ಆಟದಲ್ಲಿ ಮಯೂರಿಯನ್ನು ಎದುರಿನಿಂದ ನೋಡಿದ್ದು ಇದೇ ಮೊದಲು. ಅವಳು ಜನರತ್ತ ನೋಡುವುದೇ ಇಲ್ಲ! ಕಣ್ಣೆಲ್ಲ ಗೊಂಬೆಯ ಮೇಲೆ. ಅದು ಬಾಗಿದರೆ ಬಾಗುತ್ತಾಳೆ. ಅದು ಅತ್ತರೆ ಇವಳ ತುಟಿ ಅದುರುತ್ತದೆ. ಇಷ್ಟು ವರ್ಷ ಹೀಗೆ ನೋಡಿದ್ದು ನನ್ನ ಕೈಯನ್ನು. ಈಗ ಸುಹಾಸಿನಿಯ ಕೈಯನ್ನು.

ಹೊಟ್ಟೆ ಉರಿಯಿತು. ಪೋಸ್ಟರ್ ನೋಡಿದ ದಿನ ಉರಿದದ್ದು ಇದರ ಮುಂದೆ ಏನೂ ಅಲ್ಲ.

ಮುಗಿದ ಮೇಲೆ ಅವಳೇ ಬಂದಳು. "ಯಾವಾಗ ಬಂದಿ?"

"ಸುರುವಿಗೇ."

"ಹೆಂಗಿತ್ತು?"

ಛಲೋ ಇತ್ತು ಎನ್ನಬೇಕಿತ್ತು. "ಆಕಿ ಕೈ ಲಗೂ ದಣೀತಾವ" ಎಂದೆ.

ಡೋಲಿನ ಹಗ್ಗ ಬಿಗಿಯುತ್ತಾ ನಿಂತಳು. "ನನಗೂ ಕಾಣ್ತೈತಿ. ನಾಳಿ ಮುಂಜಾನೆ ತಾಲೀಮು ಐತಿ. ಬರ್ತಿ?"

"ಸುಹಾಸಿನಿ?"

"ಆಕೀನೂ ಇರ್ತಾಳ, ಉಮಾ."

"ಎಷ್ಟಕ್ಕ ಬರ್ಲಿ?" ಎಂದೆ.