ತೊಟ್ಟಿಯ ಮೇಲೆ ದಾರ

ನವೆಂಬರ್ 9, ಬೆಳಿಗ್ಗೆ
ಮತ್ತೊಂದು ಮೀನು ಕಾಣೆ. ಹಾಲು ಒಲೆಯ ಮೇಲಿಟ್ಟು ಹಿತ್ತಲಿಗೆ ಹೋದೆ. ಪ್ರತಿಮಾ ತೊಟ್ಟಿಯ ಅಂಚಿನಲ್ಲಿ ಕೂತಿದ್ದಳು. ಮಾವನವರು ನೂಲು ತೊಳೆಯುತ್ತಿದ್ದ ಸಿಮೆಂಟ್ ತೊಟ್ಟಿ. ಗಂಡನ ಮನೆ ಬಿಟ್ಟು ಬಂದ ವಾರದಲ್ಲೇ ನನ್ನ ಈ ನಾದಿನಿ ಅದನ್ನು ತಿಕ್ಕಿ ತುಂಬಿಸಿ, ಜಮಖಂಡಿಯಿಂದ ಕೆಂಪು ಮೀನು ತಂದು ಬಿಟ್ಟಳು. ಯಾಕೆ ಬಂದಳು — ಹೇಳಿಲ್ಲ. ಕೇಳುವುದು ಹೇಗೆ ಅಂತಲೂ ತಿಳಿಯುತ್ತಿಲ್ಲ.
"ಬೆಕ್ಕು ಇರಬೇಕು."
"ಬೆಕ್ಕಲ್ರಿ ವೈನಿ. ಹೆಜ್ಜಿ ಎಲ್ಲಿ ಅದಾವ?"
ಹಾಗಾದರೆ ಏನು? ಒಳಗೆ ಹಾಲು ಉಕ್ಕಿತ್ತು.

ನವೆಂಬರ್ 10
ಕೊಕ್ಕರೆ. ಗೋಡೆಯ ಮೇಲೆ ಕೂತಾಗ ಮಣ್ಣಿನ ಬಣ್ಣ, ಹಾರಿದಾಗ ಪೂರ್ತಿ ಬಿಳಿ. ಒಂದೇ ಹಕ್ಕಿಯೋ, ಎರಡೋ...
ಬಲೆ ಕೊಳ್ಳೋಣ ಎಂದರೆ ಇವರು ಬಾಡಗಂಡಿಯಿಂದ ಫೋನಿನಲ್ಲಿ, "ಅಂಗಡಿ ಬಲಿ ಯಾಕ? ಮ್ಯಾಲ ದಾರ ಕಟ್ರಿ. ಒಳಗ ಒಡದ ಗಡಿಗಿ ಹಾಕ್ರಿ, ಮೀನ ಅಡಗತಾವ." ಸಕ್ಕರೆ ಫ್ಯಾಕ್ಟರಿಯ ಸೀಜನ್, ಭಾನುವಾರವೂ ಡ್ಯೂಟಿ.
ಪಕ್ಕದ ಚನಮಲ್ಲಪ್ಪನ ಮಗ್ಗದ ಉಳಿಕೆ ನೈಲಾನ್ ದಾರ. ಅಡ್ಡಡ್ಡ, ಉದ್ದುದ್ದ ಕಟ್ಟಿದೆವು.
"ನನ್ನ ಗಂಟು ಗಟ್ಟಿ ಅದಾವ ನೋಡ್ರಿ," ಎಂದಳು. ನಕ್ಕಳೇ?

ನವೆಂಬರ್ 19
ಇಷ್ಟು ದಿನ ಎಲ್ಲ ಸರಿ ಇತ್ತು. ಇವತ್ತು ಮತ್ತೆ ಮೀನು ಕಡಿಮೆ. ಒಂದು ಮೂಲೆಯ ದಾರ ಹರಿದಿಲ್ಲ, ಬಿಚ್ಚಿದೆ. ಹಕ್ಕಿ ಗಂಟು ಬಿಚ್ಚುತ್ತದೆಯೇ?
"ನಂಗೇನ ಗೊತ್ತು?" ಎಂದಳು. ಮುಖ ನೋಡಲಿಲ್ಲ. ನಾನೇ ಮತ್ತೆ ಕಟ್ಟಿದೆ.

ನವೆಂಬರ್ 20
ಮತ್ತೆ ಬಿಚ್ಚಿದೆ. ಮೊದಲ ಮೀನು ಹೋದ ದಿನ ಊಟ ಬಿಟ್ಟವಳು, ಅವಳೇ ಯಾಕೆ...? ಇವರು, "ಆಕಿ ತಲಿ ಸರಿ ಐತೇನ?" ಎಂದರು. ಸಿಟ್ಟು ಬಂತು. ಅದೇ ಅನುಮಾನ ನನಗೂ ಇತ್ತು, ಅದಕ್ಕೇ ಇರಬೇಕು.

ನವೆಂಬರ್ 23
ಬ್ಯಾಂಕಿಗೆ ರಜೆ. ಅಡುಗೆಮನೆಯ ಕಿಟಕಿಯಿಂದ ಕಂಡಿತು. ಪ್ರತಿಮಾ ದಾರ ಸರಿಸಿ, ಜರಡಿಯಲ್ಲಿ ಮೀನು ಹಿಡಿದು, ಕಟ್ಟಿಗೆ ರಾಶಿಯ ಹಿಂದೆ ಹೋದಳು. ಹಿಂದೆಯೇ ಹೋದೆ.
ಕೊಕ್ಕರೆ. ಕಾಲಿಗೆ ನಮ್ಮದೇ ದಾರ, ಚರ್ಮದೊಳಗೆ ಇಳಿದಿದೆ. ಬಾತಿದೆ.
"ನಾ ಬಿಗದ ಗಂಟ್ರಿ ಇದು. ಮೂಲಿ ಬಿಚ್ಚಿ ಹಕ್ಕಿ ಬಿಡಿಸಿದೆ, ಕಾಲಾಗಿಂದ ಬಿಚ್ಚಾಕ ಬರಲಿಲ್ಲ."
"ಹೇಳಬಾರದಿತ್ತೇನ?"
"ಹೇಳಿದ್ರ ಬಿಡು, ಸಾಯಲಿ ಅಂತಿದ್ರಿ."
"ನಿನ್ನ ಮೀನ ತಿಂದದ್ದ ಅದ."
"ಹೌದ್ರಿ. ಮೀನ ಕೊಡೂಮುಂದ ಅಳು ಬರತೈತಿ. ಕೊಡದಿದ್ರ ಇದು ಸಾಯತೈತಿ. ಯಾವುದು ಛಲೋ, ನೀವ ಹೇಳ್ರಿ."
ಕತ್ತರಿ ತಂದೆ. ಅವಳು ಟವೆಲಿನಲ್ಲಿ ಸುತ್ತಿ ಹಿಡಿದಳು, ನಾನು ಕತ್ತರಿಸಿದೆ. ಹಕ್ಕಿ ಅವಳ ಕೈಗೆ ಕುಕ್ಕಿತು, ರಕ್ತ ಬಂತು. ಆದರೂ ಬಿಡಲಿಲ್ಲ ಅವಳು.

ಡಿಸೆಂಬರ್ 2
ಬಾವು ಇಳಿದು ಕೊಕ್ಕರೆ ಹಾರಿಹೋಯಿತು. ಕೊತ್ತಂಬರಿ ಸೋಸುತ್ತ ಪ್ರತಿಮಾ ತಾನಾಗಿಯೇ ಹೇಳಿದಳು —
"ಅಲ್ಲಿ ಗಂಡನ ಮನ್ಯಾಗ ಯಾರೂ ಬಡೀಲಿಲ್ರಿ. ಯಾರೂ ಮಾತಾಡಸಲಿಲ್ಲ, ಅಷ್ಟ."
ಇಲ್ಲಿ ನಾವು ಮಾತಾಡಿಸಿದ್ದೆವೇ? ಮೀನು ಎಷ್ಟು ಉಳಿದವು ಎಂದು ಕೇಳಿದೆ, ಅಷ್ಟೇ.

ಡಿಸೆಂಬರ್ 5, ಮಧ್ಯಾಹ್ನ
ದಾರ ಎಲ್ಲ ತೆಗೆದೆವು. ಹಳೆಯ ಕಿಟಕಿಯ ತಂತಿ ಜಾಲರಿಯೊಂದು ಸಿಕ್ಕಿದೆ, ಕಾಲು ಸಿಕ್ಕಿಕೊಳ್ಳುವಂಥದ್ದಲ್ಲ. ಅದರಿಂದ ತೊಟ್ಟಿ ಮುಚ್ಚಬೇಕು, ಇನ್ನೂ ಗೋಡೆಗೆ ಒರಗಿಸಿಯೇ ಇದೆ. ಕೊಕ್ಕರೆ ಬಂದು ಕೂತಿದೆ. ಅದೇನಾ? ಒಂದು ಕಾಲು ಮಡಚಿದೆ. ನೋವಿಗೋ, ಅಭ್ಯಾಸಕ್ಕೋ.
ಹಿತ್ತಲಲ್ಲಿ ಪ್ರತಿಮಾ ಏನೋ ಹೇಳುತ್ತಿದ್ದಾಳೆ. ಮೀನಿಗೋ, ಹಕ್ಕಿಗೋ... ಅಲ್ಲ. ವೈನಿ ಅಂದಂತಾಯಿತು. ನನ್ನನ್ನೇ ಕರೆಯುತ್ತಿದ್ದಾಳೆ. ಬಂದೆ —