ನಲವತ್ತೇಳನೇ ನಂಬರಿನ ಬೆರಳು

ನವೆಂಬರ್ 3, ಸೋಮವಾರ

ಎಂಟೂವರೆ. ಅರವತ್ತೊಂದು ಜನ ಒಳಗೆ ಹೋದರು. ಮಷೀನು ಅರವತ್ತು ಸಲ ‘ಥ್ಯಾಂಕ್ಯೂ’ ಎಂದಿತು. ನನ್ನ ಜೊತೆ ಮಾತಾಡಿದವರು ಒಬ್ಬರೇ.

ಇಂಡಿ ಊರಿನ ಈ ನಿಂಬೆಹಣ್ಣಿನ ಕಾರ್ಖಾನೆಯಲ್ಲಿ ಹಾಜರಿ ಗುಮಾಸ್ತನಾಗಿ ಇಪ್ಪತ್ತೆರಡು ವರ್ಷ. ಗೇಟಿನ ಪಕ್ಕದ ಕಿಟಕಿ, ಒಂದು ಕುರ್ಚಿ, ಒಂದು ಪುಸ್ತಕ. ಹೆಸರು ಕೂಗುವುದು, ‘ಬಂದೇನ್ರೀ’ ಎಂದ ಮೇಲೆ ಗುರುತು ಹಾಕುವುದು. ದನಿ ಕೇಳದೆ ಒಂದು ಗುರುತೂ ಹಾಕಿದವನಲ್ಲ. ಯಾರಿಗೆ ನೆಗಡಿ, ಯಾರ ಮನೆಯಲ್ಲಿ ಜಗಳ — ದನಿಯಲ್ಲೇ ಗೊತ್ತಾಗುತ್ತಿತ್ತು.

ದಸರಾ ಮುಗಿದ ವಾರ ಬೆರಳೊತ್ತುವ ಮಷೀನು ಬಂತು. ಈಗ ನಾನು ‘ಸಿಸ್ಟಮ್ ಆಪರೇಟರ್’. ಸ್ಕ್ರೀನು ನೋಡುತ್ತ ಕೂರುವುದು. ಬಳಸದ ಹಾಜರಿ ಪುಸ್ತಕಗಳನ್ನು ರದ್ದಿಗೆ ಹಾಕಿದ್ದರು, ಒಂದನ್ನು ಚೀಲಕ್ಕೆ ಹಾಕಿಕೊಂಡೆ. ಅದರಲ್ಲೇ ಇದನ್ನು ಬರೆಯುತ್ತಿದ್ದೇನೆ. ಓದುವವರು ಯಾರಿದ್ದಾರೆ? ಮದುವೆ ಆಗಲಿಲ್ಲ. ಬಾಡಿಗೆ ರೂಮಿನಲ್ಲಿ ‘ಗುರಪ್ಪಾ’ ಎಂದು ಕೂಗುವವರೂ ಇಲ್ಲ.

ನವೆಂಬರ್ 11, ಮಂಗಳವಾರ

ಮಾತಾಡುವ ಆ ಒಬ್ಬರು ದಾವಲಬಿ. ನಂಬರ್ ನಲವತ್ತೇಳು. ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚುವ ಕೆಲಸ, ಹತ್ತೊಂಬತ್ತು ವರ್ಷದಿಂದ. ಹುಳಿ, ಉಪ್ಪು ಸೇರಿ ಬೆರಳ ತುದಿಗಳು ಸವೆದು ನುಣ್ಣಗಾಗಿವೆ. ಉಳಿದವರದು ಎರಡು ಮೂರು ಸಲ ಒತ್ತಿದರೆ ಬರುತ್ತದೆ. ಇವಳದು ಹತ್ತರಲ್ಲಿ ಒಂದು ಬೆರಳೂ ಬರುವುದಿಲ್ಲ. ‘ಪ್ಲೀಸ್ ಟ್ರೈ ಅಗೇನ್.’ ಕೊನೆಗೆ ನನ್ನ ಕಿಟಕಿಗೆ ಬರುತ್ತಾಳೆ, ನಾನು ಕೈಯಿಂದ ಟೈಪ್ ಮಾಡಿ ಹಾಜರಿ ಹಾಕುತ್ತೇನೆ.

“ಏನಂತೈತ್ರಿ ಸರ ಅದು?”

“ಮತ್ತೊಮ್ಮಿ ಒತ್ತು ಅಂತೈತಿ.”

“ಹತ್ತೊಂಬತ್ತು ವರ್ಷ ಒತ್ತೇನಿ ಅಂತ ಹೇಳ್ರಿ ಅದಕ್ಕ. ನೀವ ಕೂಗ್ರಿ, ನಾ ಓ ಅಂತೇನಿ.”

ಕೂಗಿದೆ. “ನಲವತ್ತೇಳು, ದಾವಲಬಿ!”

“ಬಂದೇನ್ರೀ! ಇನ್ನಾ ಜೀವ ಐತ್ರೀ!”

ಹಳೆಯ ಉತ್ತರ. ಮೊದಲೆಲ್ಲ ಇದಕ್ಕೆ ಸಾಲಿಗೆ ಸಾಲೇ ನಗುತ್ತಿತ್ತು. ಇವತ್ತು ನಾವಿಬ್ಬರೇ ನಕ್ಕೆವು. ಅಷ್ಟು ಸಾಕಾಯಿತು.

ನವೆಂಬರ್ 24, ಸೋಮವಾರ

ಮ್ಯಾನೇಜರ್ ಶ್ರೀಶೈಲ ಕರೆದರು. ಬಸವನ ಬಾಗೇವಾಡಿ ಕಡೆಯ ಹುಡುಗ, ಮೂವತ್ತು ತುಂಬಿಲ್ಲ. ಕೆಟ್ಟವರಲ್ಲ. ನನ್ನನ್ನು ಕೂರಿಸಿಯೇ ಮಾತಾಡುತ್ತಾರೆ.

“ಗುರಪ್ಪನವ್ರ, ಒಂದನೇ ತಾರೀಖಿನಿಂದ ಕೈಲೆ ಹಾಜರಿ ಹಾಕೂದು ಬಂದ್. ಹೆಡ್ ಆಫೀಸಿನವ್ರು ಅಲ್ಲೇ ಕೂತು ನೋಡ್ತಾರ. ಯಾರ ಬೆರಳು ಬರೂದಿಲ್ಲೋ ಅವ್ರನ್ನ ಕೆಲಸ ಬಿಡಸ್ರಿ ಅಂದಾರ.”

“ಒಬ್ಬಾಕಿದ ಬರೂದಿಲ್ರಿ. ದಾವಲಬಿದು.”

“ಗೊತ್ತೈತ್ರಿ. ನಾ ಎರಡು ಸಲ ಮೇಲ್ ಹಾಕೇನಿ. ಸಿಸ್ಟಮ್‌ನಾಗ ಅದಕ್ಕ ಜಾಗಾ ಇಲ್ಲಂತ.”

ಅವಳ ಗಂಡ ತೀರಿ ಹದಿನೈದು ವರ್ಷ. ಒಬ್ಬಳೇ ಮಗಳು ಹುಮಾ, ಸಿಂದಗಿ ತಾಲ್ಲೂಕಿನ ಮೋರಟಗಿಗೆ ಕೊಟ್ಟಿದೆ. ಮಗಳ ಮನೆಯಲ್ಲಿ ಹೋಗಿ ಕೂರುವ ಜಾಯಮಾನವಲ್ಲ ದಾವಲಬಿಯದು. ಈ ಕೆಲಸ ಬಿಟ್ಟರೆ ಏನು ಮಾಡುತ್ತಾಳೆ?

ಮತ್ತೆ ಆ ಕಿಟಕಿಯಲ್ಲಿ ನನಗೆ ಯಾರು?

ನವೆಂಬರ್ 29, ಶನಿವಾರ

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಬೆರಳು ನೋಂದಾಯಿಸುವ ಪಾಸ್‌ವರ್ಡ್ ನನ್ನ ಬಳಿಯೇ ಇದೆ. ನಲವತ್ತೇಳನೇ ನಂಬರು ತೆರೆದೆ. ನನ್ನ ಬಲಗೈ ಉಂಗುರದ ಬೆರಳು ಇಟ್ಟೆ. ಮೂರು ಸಲ. ‘ಥ್ಯಾಂಕ್ಯೂ.’

ನನ್ನ ಹಾಜರಿಗೆ ಹೆಬ್ಬೆಟ್ಟು, ಅವಳದಕ್ಕೆ ಇದು. ಉಂಗುರವನ್ನೇ ಕಾಣದ ಬೆರಳು, ಐವತ್ತೈದನೇ ವಯಸ್ಸಿನಲ್ಲಿ ಒಂದು ಉಪಯೋಗಕ್ಕೆ ಬಂತು.

ಡಿಸೆಂಬರ್ 1, ಸೋಮವಾರ

ಸಾಲಿನಲ್ಲಿ ಬಂದಳು. ಕಣ್ಣಲ್ಲೇ ಹೇಳಿದೆ, ಸುಮ್ಮನೆ ಹೋಗು. ಅವಳು ಒಳಗೆ ಹೋದ ಮೇಲೆ ಎದ್ದು ಹೋಗಿ ಒತ್ತಿದೆ. ‘ಥ್ಯಾಂಕ್ಯೂ.’

ಚಹಾ ಬಿಡುವಿನಲ್ಲಿ ಕಿಟಕಿಗೆ ಬಂದಳು. ಹೇಳಿದೆ. ನನ್ನ ಬೆರಳನ್ನೇ ನೋಡುತ್ತ ನಿಂತಳು.

“ಸರ, ನನ್ನ ಸಲುವಾಗಿ ನಿಮ್ಮ ನೌಕರಿಗೆ ಏನರ ಆದ್ರ?”

“ಯಾರಿಗೂ ಹೇಳಬ್ಯಾಡ ಅಷ್ಟ. ದಿನಾ ಕಿಟಕಿ ಮುಂದ ಹಾಯುವಾಗ ಕೈ ಎತ್ತು. ಎತ್ತಿದ್ರ ಒತ್ತತೇನಿ.”

“ಇಲ್ಲಂದ್ರ?”

“ಇಲ್ಲಂದ್ರ ಇಲ್ಲ. ಸುಳ್ಳ ಹಾಜರಿ ನಾ ಹಾಕಿದವನಲ್ಲ.”

“ಆತ್ರಿ” ಎಂದು ನಕ್ಕಳು. ಸುಳ್ಳು ಹಾಜರಿ ಹಾಕಿದವನಲ್ಲ ಎಂದವನು ನಾನೇ. ಬರೆದಿಟ್ಟಿದ್ದೇನೆ.

ಡಿಸೆಂಬರ್ 20, ಶನಿವಾರ

ನಿನ್ನೆ ಎಳ್ಳಮಾವಾಸ್ಯೆ. ಹೂವಿನ ಹಿಪ್ಪರಗಿಗೆ, ತಂಗಿ ಬಾಳಮ್ಮನ ಹೊಲಕ್ಕೆ ಹೋಗಿದ್ದೆ. ಬೆಳೆಗೆ ಎಡೆ ಎರಚಿ ಚರಗ ಚೆಲ್ಲಿದರು, ಎಲ್ಲರೂ ಕೂತು ಉಂಡರು. ನಾನು ಎದ್ದು ಬಂದಾಗ ಯಾರೂ ತಡೆಯಲಿಲ್ಲ. ತಪ್ಪು ಅವರದಲ್ಲ, ವರ್ಷಕ್ಕೊಮ್ಮೆ ಹೋಗುವವನನ್ನು ಎಷ್ಟು ಅಂತ ತಡೆಯುತ್ತಾರೆ.

ಸಜ್ಜೆ ರೊಟ್ಟಿ, ಹಿಂಡಿಪಲ್ಯ ಕಟ್ಟಿಸಿಕೊಂಡು ಬಂದಿದ್ದೆ. ದಾವಲಬಿಗೆ ಕೊಟ್ಟೆ. “ಉಪ್ಪ ಕಡಿಮಿ ಐತ್ರಿ” ಎಂದಳು. ಪೂರಾ ಉಂಡು ಡಬ್ಬಿ ತೊಳೆದು ಕೊಟ್ಟಳು. ಎಷ್ಟು ವರ್ಷವಾಯಿತೋ, ನನ್ನ ಡಬ್ಬಿಯನ್ನು ಬೇರೆಯವರು ತೊಳೆದು.

ಜನವರಿ 5, ಸೋಮವಾರ

ಹೊಸ ಸುದ್ದಿ. ಶ್ರೀಶೈಲ ಇನ್ನು ಎಂಟೂಕಾಲಿಗೇ ಬಂದು ಮಷೀನಿನ ಪಕ್ಕ ನಿಲ್ಲುತ್ತಾರೆ, ಶಿಫ್ಟ್ ಶುರುವಾಗುವ ತನಕ. ಅವರ ಕಣ್ಣೆದುರು ಎರಡನೇ ಬೆರಳು ಒತ್ತುವುದು ಆಗದು. ಹಾಗಾಗಿ ಮೊದಲೇ ಒತ್ತಬೇಕು.

ಎಂಟೂ ನಾಲ್ಕಕ್ಕೆ ಒತ್ತಿದೆ. ಅವಳನ್ನು ನೋಡದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಎಂಟೂ ಇಪ್ಪತ್ತೈದಕ್ಕೆ ಕಿಟಕಿ ಮುಂದೆ ಕೈ ಎತ್ತಿದಳು — ಉಸಿರು ಬಿಟ್ಟೆ. ಸಂಜೆ ಹೋಗುವ ಹಾಜರಿ ಮಾತ್ರ ಮೊದಲಿನಂತೆ. ಅವಳ ಕೈ ನೋಡಿಯೇ ಒತ್ತುವುದು.

ಜನವರಿ 13, ಮಂಗಳವಾರ

ಅಭ್ಯಾಸವಾಗಿಬಿಟ್ಟಿದೆ. ಹೆಬ್ಬೆಟ್ಟು, ಉಂಗುರದ ಬೆರಳು. ಥ್ಯಾಂಕ್ಯೂ, ಥ್ಯಾಂಕ್ಯೂ. ಬಂದೇ ಬರುತ್ತಾಳೆ. ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಸಲ ತಪ್ಪಿಸಿದ್ದಾಳೆ?

ಜನವರಿ 20, ಮಂಗಳವಾರ

ಬೆಳಿಗ್ಗೆ 8.10

ಒತ್ತಿ ಕೂತೆ. ಚಳಿ. ನಿನ್ನೆ ತಲೆ ಸಿಡಿಯುತ್ತದೆ ಎನ್ನುತ್ತಿದ್ದಳು. ಗುಳಿಗೆ ತಂದಿದ್ದೇನೆ, ಕೊಡಬೇಕು. ಶ್ರೀಶೈಲ ಕರೆಯುತ್ತಿದ್ದಾರೆ, ಇಂಟರ್ನೆಟ್ ಹೋಗಿದೆಯಂತೆ.

11.20

ಈಗ ಬಂದು ಕೂತೆ. ಎಂಟೂಕಾಲಿನಿಂದ ವೈರು ಹಿಡಿದು ನಿಂತಿದ್ದೇ ಆಯಿತು. ಆಫೀಸು ಫೋನಿಗೆ ದಾವಲಬಿಯ ಮಗಳು ಮಾಡಿದ್ದಳು.

“ಸರ, ನಾ ಹುಮಾ, ಮೋರಟಗಿಯಿಂದ. ಅಮ್ಮಾ ಹನ್ನೊಂದಕ್ಕ ದಿನಾ ಮಾತಾಡ್ತಾಳ್ರಿ. ಇವತ್ತ ಫೋನ್ ಎತ್ತವಲ್ಲಳು. ಕೆಲಸಕ್ಕ ಬಂದಾಳೇನ್ರಿ?”

ಸ್ಕ್ರೀನು ನೋಡಿದೆ. ನಲವತ್ತೇಳು, ಹಾಜರ್, 8.04.

“ಬಂದಾಳವ್ವಾ. ಒಳಗ ಅದಾಳ. ಕೆಲಸದ ಗದ್ದಲ ಇರಬೇಕು.”

“ಹಂಗಾದ್ರ ಚಿಂತಿಲ್ಲ ಬಿಡ್ರಿ” ಎಂದಳು.

ಗುಳಿಗೆ ಊಟದ ಹೊತ್ತಿಗೆ ಕೊಟ್ಟರಾಯಿತು. ಇಂಟರ್ನೆಟ್ ಮತ್ತೆ ಹೋಯಿತು, ಕರೆಯುತ್ತಿದ್ದಾರೆ.

ಸಂಜೆ 5.35

ಎಲ್ಲರೂ ಹೋದರು. ಬೆರಳು ಮಷೀನಿನ ಮೇಲೆ ಇಟ್ಟಿದ್ದೆ. ಅವಳು ಕೈ ಎತ್ತಲಿಲ್ಲ. ಬೆಳಿಗ್ಗೆ ನಾನು ಕಿಟಕಿಯಲ್ಲೇ ಇರಲಿಲ್ಲ, ಊಟದ ಹೊತ್ತಿಗೂ ವೈರಿನ ಜೊತೆಗೇ ಇದ್ದೆ. ನೋಡಿಲ್ಲ. ಅವಳನ್ನು ನಾನು ಇವತ್ತು ನೋಡೇ ಇಲ್ಲ —

ಜನವರಿ 22, ಗುರುವಾರ

ಬರೆಯಬೇಕು. ಬರೆಯದಿದ್ದರೆ ನಾನೇ ಮರೆಸಿಕೊಳ್ಳುತ್ತೇನೆ.

ಅವಳು ಬರುವುದು ನಿಂಬೆ ತೋಟದ ಒಳದಾರಿಯಲ್ಲಿ. ಓಡಿದೆ. ಒಡ್ಡಿನ ಆಚೆ ಬಿದ್ದಿದ್ದಳು. ಒಂದು ಚಪ್ಪಲಿ ದಾರಿಯಲ್ಲಿ, ಬುತ್ತಿ ಚೀಲ ಪಕ್ಕದಲ್ಲಿ. ಚೀಲದಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಕಣ್ಣು ತೆರೆದೇ ಇದ್ದವು. ಬಾಯಿ ಒಂದು ಕಡೆ ಎಳೆದಿತ್ತು. ಹೆಸರು ಕೂಗಿದೆ. ಉತ್ತರ ಬರಲಿಲ್ಲ.

ವಿಜಯಪುರಕ್ಕೆ ಒಯ್ದೆವು. ಲಕ್ವ. ಬಲಗಡೆ ಪೂರಾ ಹೋಗಿದೆ, ಮಾತೂ ಹೋಗಿದೆ. ಬೆಳಿಗ್ಗೆ ಎಂಟರ ಸುಮಾರಿಗೇ ಬಿದ್ದಿರಬೇಕು ಎಂದರು ಡಾಕ್ಟರು. “ಮಧ್ಯಾಹ್ನದೊಳಗ ತಂದಿದ್ರೂ ಬ್ಯಾರೆ ಮಾತಿತ್ತು.”

ಜೊತೆಗೆ ಹೆಚ್ಚುವ ಹೆಂಗಸರು ಹುಡುಕಲಿಲ್ಲವೆ? ಕೇಳಿದರಂತೆ. ಸೂಪರ್‌ವೈಸರು ಮೊಬೈಲಿನಲ್ಲಿ ನೋಡಿ, ‘ಹಾಜರ್ ಐತಿ, ಗ್ರೇಡಿಂಗ್‌ಗೆ ಹಣ್ಣ ಆರಸಾಕ ಹಾಕಿರಬೇಕು’ ಎಂದನಂತೆ. ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆ ಅಕ್ಷರ ನನ್ನ ಬೆರಳಿನಿಂದ ಬಂದದ್ದು. ಆದರೂ ಸ್ಕ್ರೀನಿನಲ್ಲಿ ನೋಡಿ ನಂಬಿದೆ. ಎದ್ದು ಹತ್ತು ಹೆಜ್ಜೆ ಒಳಗೆ ಹೋಗಿ ನೋಡಲಿಲ್ಲ. ಒಂದು ಸಲ ಕೂಗಲಿಲ್ಲ.

ಗುಳಿಗೆ ಇನ್ನೂ ಜೇಬಿನಲ್ಲಿದೆ.

ಜನವರಿ 28, ಬುಧವಾರ

ಗೇಟು ಕಾಯುವ ಪರಪ್ಪನನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದ್ದಾರೆ. ಎಂಟೂ ನಾಲ್ಕಕ್ಕೆ ಒಳಗೆ ಬಂದವಳು ತೋಟಕ್ಕೆ ಹೇಗೆ ಹೋದಳು? ಪರಪ್ಪ ಚೀಟಿ ಇಲ್ಲದೆ ಹೊರಗೆ ಬಿಟ್ಟಿರಬೇಕು ಎಂಬುದು ಆಫೀಸಿನವರ ಲೆಕ್ಕ. ಅವನು ಆಣೆ ಮಾಡುತ್ತ ನಿಂತಿದ್ದ. “ಆಕಿ ಅವತ್ತ ಬಂದ ಇಲ್ರೀ!”

“ಮಷೀನ್ ಯಾಕ ಸುಳ್ಳ ಹೇಳತೈತಿ ಪರಪ್ಪ?” ಎಂದರು ಶ್ರೀಶೈಲ.

ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ನಾಚಿಕೆಯಾಗುತ್ತದೆ ಇದನ್ನು ಬರೆಯಲು.

ಫೆಬ್ರವರಿ 2, ಸೋಮವಾರ

ಹೇಳಿದೆ. ಶ್ರೀಶೈಲ ಎದ್ದು ಬಾಗಿಲು ಮುಂದೆ ಮಾಡಿದರು. ಆಮೇಲೆ, “ನಾ ಇನ್ನೊಂದು ಮೇಲ್ ಹಾಕಬೇಕಿತ್ತು” ಎಂದರು. ಪರಪ್ಪ ನಾಳೆಯಿಂದ ಬರುತ್ತಾನೆ. ನಾನು ಬರುವುದಿಲ್ಲ. ಸಿಸ್ಟಮ್‌ನಿಂದ ನನ್ನ ಎರಡೂ ಬೆರಳು ತೆಗೆದರು. ಅರ್ಧ ನಿಮಿಷವೂ ಹಿಡಿಯಲಿಲ್ಲ.

“ಒಂದ ಮಾತು, ಗುರಪ್ಪನವ್ರ. ಆಕಿ ಮಗಳಿಗೆ ಇದು ಗೊತ್ತಾಗೂದು ಬ್ಯಾಡ್ರಿ. ಕಂಪನಿ ಹೆಸರು ಬರತೈತಿ. ನಿಮಗೂ ತ್ರಾಸ.”

ತಲೆ ಅಲ್ಲಾಡಿಸಿ ಬಂದೆ. ಹೌದು ಎಂದೋ ಇಲ್ಲ ಎಂದೋ, ನನಗೇ ಗೊತ್ತಿಲ್ಲ.

ಫೆಬ್ರವರಿ 11, ಬುಧವಾರ

ರೂಮಿನಲ್ಲೇ ಇದ್ದೇನೆ. ಎಂಟಕ್ಕೆ ಎಚ್ಚರಾಗಿ ಕೂರುತ್ತೇನೆ. ಒಂದರಿಂದ ಅರವತ್ತೊಂದರ ತನಕ ಹೆಸರು ಹೇಳುತ್ತೇನೆ, ಮೆಲ್ಲಗೆ. ನಲವತ್ತೇಳಕ್ಕೆ ಬಂದಾಗ ನಿಲ್ಲಿಸಿ, ಮತ್ತೆ ಒಂದರಿಂದ ಶುರು ಮಾಡುತ್ತೇನೆ.

ಫೆಬ್ರವರಿ 22, ಭಾನುವಾರ. ಮೋರಟಗಿ

ಸಿಂದಗಿಯಲ್ಲಿ ಬಸ್ಸು ಬದಲಿಸಿ ಬಂದೆ. ಹುಮಾಳ ಮನೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ರಂಜಾನ್ ಶುರುವಾಗಿದೆ. ತಾನು ನೀರೂ ಕುಡಿಯದೆ ನನಗೊಬ್ಬನಿಗೆ ಚಹಾ ಮಾಡಲು ಒಳಗೆ ಹೋಗಿದ್ದಾಳೆ. ಬೇಡವೆಂದರೆ ಕೇಳಲಿಲ್ಲ.

“ನೀವು ಓಡಿ ಹೋಗದಿದ್ರ ನಮ್ಮ ಅಮ್ಮಾ ಉಳೀತಿರಲಿಲ್ರಿ” ಎಂದಳು ಬಾಗಿಲಲ್ಲೇ. ಕೈ ಮುಗಿದಳು. ನೆಲದಲ್ಲಿ ಹೂತು ಹೋಗಬೇಕು ಅನಿಸಿತು.

ದಾವಲಬಿ ಒಳಗೆ ಮಂಚದ ಮೇಲೆ. ಅರ್ಧಕ್ಕೆ ಅರ್ಧ ಇಳಿದಿದ್ದಾಳೆ. ಪಕ್ಕ ಕೂತು ಮೆಲ್ಲಗೆ ಕೂಗಿದೆ. “ನಲವತ್ತೇಳು, ದಾವಲಬಿ.”

ಕಣ್ಣು ತಿರುಗಿಸಿದಳು. ಎಡಗೈ ಸರಿಯಿತು. ಎತ್ತುತ್ತಾಳೆ ಎಂದುಕೊಂಡೆ. ಎತ್ತಲಿಲ್ಲ. ತಡವರಿಸಿ ನನ್ನ ಬಲಗೈ ಹಿಡಿದಳು, ಬೆರಳು ಹುಡುಕಿದಳು. ಉಂಗುರದ ಬೆರಳು ಸಿಕ್ಕಿತು. ಅದನ್ನು ಮುಷ್ಟಿಯೊಳಗೆ ಮುಚ್ಚಿ ಗಟ್ಟಿಯಾಗಿ ಹಿಡಿದುಕೊಂಡಳು. ಮಗಳ ಕಡೆ ನೋಡಿದಳು. ನನ್ನ ಕಡೆ ನೋಡಿ ಇಲ್ಲ ಇಲ್ಲ ಎಂದು ಕಣ್ಣನ್ನು ಆಚೀಚೆ ಆಡಿಸಿದಳು.

ಹೇಳಬೇಡ ಎನ್ನುತ್ತಿದ್ದಾಳೆ. ಹತ್ತು ತಾಸು ಬಯಲಲ್ಲಿ ಬಿದ್ದವಳು ನನ್ನನ್ನು ಕಾಪಾಡುತ್ತಿದ್ದಾಳೆ.

“ಏನಂತಾಳ್ರಿ ಸರ ಅಮ್ಮಾ?” ಎಂದಳು ಹುಮಾ. “ಅಲ್ರಿ, ನೀವ ಫೋನಿನ್ಯಾಗ ಒಳಗ ಅದಾಳ ಅಂದ್ರೆಲ್ಲಾ... ಮತ್ತ ಯಾವಾಗ ಹೊರಗ ಹೋದ್ಳು? ದಿನಾ ಇದ ವಿಚಾರ ನನಗ. ನಿದ್ದಿ ಬರೂದಿಲ್ಲ.”

ಅತ್ತುಬಿಟ್ಟೆ. ಕಟ್ಟೆಗೆ ಬಂದು ಕೂತೆ. ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದೆ, ಬಸ್ಸಿನುದ್ದಕ್ಕೂ.

ಬಾಯಿಂದ ಆಗುವುದಿಲ್ಲ. ಆದರೆ ಬರೆದದ್ದು ಇದೆ. ತಾರೀಖು ಇದೆ, ಹೊತ್ತು ಇದೆ. ಎಂಟೂ ಹತ್ತು, ಹನ್ನೊಂದೂ ಇಪ್ಪತ್ತು, ಐದೂ ಮೂವತ್ತೈದು. ಯಾರೂ ಓದುವುದಿಲ್ಲ ಎಂದು ಬರೆದದ್ದು, ಹಾಗಾಗಿ ಸುಳ್ಳಿಲ್ಲ.

ಚಹಾದ ಕಪ್ಪು-ಬಸಿಯ ಸದ್ದಾಗುತ್ತಿದೆ. ಹುಮಾ ಬರುತ್ತಿದ್ದಾಳೆ. ಜನವರಿ ಇಪ್ಪತ್ತರ ಪುಟ ತೆರೆದು ಬೆರಳಿಟ್ಟುಕೊಂಡಿದ್ದೇನೆ. “ಏನ್ ಬರಿಯಾಕತ್ತೀರಿ ಸರ?” ಎನ್ನುತ್ತಿದ್ದಾಳೆ. ಪುಸ್ತಕ ಅವಳ ಕೈಗೆ —