ಎದ್ದು ನಿಲ್ಲಿ ಎಂದರು, ಗಿರಿಜಕ್ಕ

ಗಿರಿಜಕ್ಕಾ,

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ನಗಬೇಡ. ನಿನ್ನನ್ನು ಕೊನೆಗೂ ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂರಿಸಿದರು. ಅದೂ ಎಂಥ ಕುರ್ಚಿ! ಚಿಕ್ಕ ಸಾವ್ಕಾರನ ತಿರುಗುವ ಕುರ್ಚಿ. ಬಿಳಿ ಬಟ್ಟೆ ಹಾಸಿ, ನಿನ್ನ ಫೋಟೋ ಇಟ್ಟು, ಸೇವಂತಿಗೆ ಹಾರ ಹಾಕಿ, ಊದುಬತ್ತಿ ಹಚ್ಚಿದರು. ನೀನು ಬದುಕಿದ್ದಾಗ ಆ ಕುರ್ಚಿಯ ಬೆನ್ನು ಹಿಡಿದುಕೊಂಡರೂ ಮುಖ ಸಿಂಡರಿಸುತ್ತಿದ್ದವನು ನೀನು ಸತ್ತ ಮೇಲೆ ಎಷ್ಟು ಧಾರಾಳಿಯಾಗಿಬಿಟ್ಟ ನೋಡು. ಈ ಅಂಗಡಿಯಲ್ಲಿ ಕೂರಬೇಕಾದರೆ ಸಾಯಬೇಕು ಎಂದು ಕೆಲಸಕ್ಕೆ ಸೇರುವಾಗಲೇ ಒಂದು ಮಾತು ಹೇಳಿದ್ದರೆ...

ಬಬ್ಬೂರಿನಿಂದ ಬಂದು ಚಿತ್ರದುರ್ಗದ ಈ ಸೀರೆ ಅಂಗಡಿಗೆ ನಾನು ಸೇರಿದ ಮೊದಲ ದಿನ ನೆನಪಿದೆಯಾ? ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ನಡುಗುತ್ತಿತ್ತು. ಗಿರಾಕಿಗಳಿಗೆ ಮೆತ್ತನೆಯ ಸೋಫಾ, ನಮಗೆ ಬರೀ ನೆಲ, ಅದೂ ನಿಲ್ಲುವುದಕ್ಕೆ ಮಾತ್ರ. ನಾನು ಬೀರುವಿಗೆ ಒರಗಿದ್ದೇ ತಡ, ಸ್ಪೀಕರಿನಲ್ಲಿ ಬರುತ್ತಿದ್ದ ದೇವರ ಹಾಡು ಗಕ್ಕನೆ ನಿಂತು, "ಮೂರನೇ ಕೌಂಟರ್, ಒರಗಬಾರ್ದು" ಎಂದು ಚಿಕ್ಕ ಸಾವ್ಕಾರನ ದನಿ ಕೇಳಿಸಿತು. ಗಿರಾಕಿಗಳೆಲ್ಲ ತಿರುಗಿ ನನ್ನನ್ನೇ ನೋಡಿದರು. ಆಮೇಲೆ ದೇವರ ಹಾಡು ಮತ್ತೆ ಶುರು. ನೀನು ಸೀರೆ ಮಡಚುವ ನೆಪದಲ್ಲಿ ಪಕ್ಕಕ್ಕೆ ಬಂದು ಪಿಸುಗುಟ್ಟಿದೆ.

"ಲೇ ಸುಧಾ, ಲಂಗದ ಬಟ್ಟೆ ಎಲ್ಲಾ ಕೆಳಗ್ಲ ಖಾನೆಗೆ ಹಾಕ್ಕಂಬಿಡು. ಕಾಲು ನೋಯ್ದಾಗ ಹುಡುಕಾಕೆ ಅಂತ ಕುಂತ್ಕ. ಹುಡುಕದು ಮಾತ್ರ ಬ್ಯಾಗ ಮುಗಿಸ್ಬ್ಯಾಡ."

ಎಷ್ಟು ದಿನ ಹಾಗೆ ಹುಡುಕಿದೆವು ಅಕ್ಕ! ಎದುರಿಗೇ ಇರುವ ಹಸಿರು ಲಂಗ ನಮಗೆ ಕಾಣುತ್ತಲೇ ಇರಲಿಲ್ಲ. ಅವನು ಕ್ಯಾಮೆರಾದಲ್ಲಿ ಇದನ್ನು ನೋಡಿ ನೋಡಿ, ಒಂದು ಭಾನುವಾರ ಬಡಗಿಯನ್ನು ಕರೆಸಿ ಕೆಳಗಿನ ಖಾನೆಗಳನ್ನೆಲ್ಲ ಮುಚ್ಚಿಸಿ, ಲಂಗದ ಬಟ್ಟೆಯನ್ನು ಎದೆಯ ಮಟ್ಟಕ್ಕೆ ಏರಿಸಿದ. ಎಂಬಿಎ ಓದಿದ್ದು ಇದಕ್ಕೇ ಇರಬೇಕು. ಹೆತ್ತವರು ಎಷ್ಟು ಆಸೆಯಿಂದ ಓದಿಸಿದ್ದರೋ ಪಾಪ.

ಊಟದ ಹೊತ್ತಿನಲ್ಲಿ ಹಿಂದಿನ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದಾಗ ನೀನು ಹೊಳಲ್ಕೆರೆಯ ಮನೆಯ ಕಥೆ ಹೇಳಿದ್ದೆ. ಎರಡನೇ ಕ್ಲಾಸಿಗೇ ಶಾಲೆ ಬಿಡಿಸಿ, ಮಗು ಎತ್ತಿಕೊಳ್ಳಲು ಎಂದು ನಿನ್ನನ್ನು ಆ ದೊಡ್ಡ ಮನೆಗೆ ಬಿಟ್ಟರಂತೆ. ನಿನಗೇ ಎತ್ತಿಕೊಳ್ಳುವವರು ಬೇಕಾಗಿದ್ದ ವಯಸ್ಸು. ಮನೆಯವರು ಉಣ್ಣುವಾಗ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದೆ. ಕೂತರೆ ಮಗು ಅಳುತ್ತಿತ್ತು, ಮಗು ಅತ್ತರೆ ನಿನ್ನ ಬೆನ್ನಿಗೆ ಬೀಳುತ್ತಿತ್ತು.

"ಆ ಯಮ್ಮ ಬಂದೋರ್ಗೆಲ್ಲ ಹೇಳ್ತಿದ್ಲು ಕಣೇ, ನಮ್ ಗಿರಿಜ ಮನೆ ಮಗಳು ಇದ್ದಂಗೆ ಅಂತ" ಎಂದು ನೀನು ನಗಾಡಿದೆ. ನನಗೆ ಮಾತ್ರ ನಗು ಬರಲಿಲ್ಲ. ಆ ಮನೆಯಲ್ಲಿ ಹೆತ್ತ ಹೆಣ್ಣುಮಕ್ಕಳೂ ಇದ್ದರಲ್ಲ, ಅವರು ಜಡೆ ಹಾಕಿಸಿಕೊಂಡು ಶಾಲೆಗೆ ಹೋಗುತ್ತಿದ್ದರಲ್ಲ? ಮನೆ ಮಗಳು ಇದ್ದಂಗೆ ಅಂತೆ! ಕೆಲಸದವಳು ಎನ್ನಲು ನಾಚಿಕೆಯಾದವರು ಹೇಳುವ ಮಾತು ಇದು. ಮಗಳ ಹಾಗೆ ನೋಡಿಕೊಳ್ಳಲಂತೂ ಯಾವತ್ತೂ ಮನಸ್ಸಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ನೀನು ಕಾಲಿಗೆ ಪಟ್ಟಿ ಸುತ್ತಿಕೊಂಡು ಬಂದ ದಿನ ನಾನು ಹೆದರಿದ್ದೆ. ನರಗಳು ಹಗ್ಗದ ಹಾಗೆ ಎದ್ದಿದ್ದವು. ನಿಮ್ಮೂರು ರಾಮಗಿರಿಗೆ ಬರುವಷ್ಟರಲ್ಲೇ ಬಸ್ಸು ಹೊಸದುರ್ಗದ ಕಡೆಯಿಂದ ತುಂಬಿರುತ್ತಿತ್ತು, ಅದರಲ್ಲೂ ನೀನು ನಿಂತೇ ಬಂದಿದ್ದೆ. ಅವತ್ತೇ ಅಲ್ಲವೇ ನೀನು ಬಾಯಿಬಿಟ್ಟು ಕೇಳಿದ್ದು?

"ಒಂದು ಸ್ಟೂಲ್ ಹಾಕಿಸ್ರಿ ಸಾವ್ಕಾರ್ರೆ. ಗಿರಾಕಿ ಇಲ್ದಾಗ ಒಂದೀಟು ಕುಂತ್ಕಂತೀನಿ."

"ಗಿರಿಜಮ್ಮ, ಕುಂತ್ರೆ ಎನರ್ಜಿ ಹೋಗ್ತೈತೆ. ಒಳಗೆ ಬಂದೋರ್ಗೆ ಎನರ್ಜಿ ಕಾಣ್ಬೇಕು" ಎಂದ. ಎನರ್ಜಿಯ ಬಗ್ಗೆ ಅಷ್ಟೂ ಪಾಠ ಮಾಡಿದ್ದು ಕುರ್ಚಿಯಲ್ಲಿ ಕುಳಿತು, ಆ ಕಡೆ ಈ ಕಡೆ ತಿರುಗುತ್ತಾ. ಥೂ!

ಆಮೇಲೆ ಏನಾಯಿತೆಂದು ನಿನಗೆ ನಾನು ಹೇಳಬೇಕೇ... ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಎದೆಗೆ ಹೋಯಿತು ಎಂದರು ಡಾಕ್ಟರು. ಮಣ್ಣು ಹಾಕಿ ಬಂದ ಮೇಲೂ ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಈಗಲೂ ಇದೆ.

ಶ್ರದ್ಧಾಂಜಲಿಯ ದಿನ ಅಂಗಡಿ ತೆರೆಯುವ ಮುಂಚೆ ನಮ್ಮನ್ನೆಲ್ಲ ನಿನ್ನ ಫೋಟೋದ ಮುಂದೆ ಸಾಲಾಗಿ ನಿಲ್ಲಿಸಿದರು. ಚಿಕ್ಕ ಸಾವ್ಕಾರ ಮೈಕು ಹಿಡಿದ. ಹತ್ತು ಅಡಿ ದೂರದಲ್ಲಿದ್ದವರ ಜೊತೆ ಮಾತಾಡಲು ಮೈಕು! "ಗಿರಿಜಮ್ಮ ನಮ್ಮ ಫ್ಯಾಮಿಲಿ ಇದ್ದಂಗೆ. ಇಷ್ಟು ವರ್ಷದಾಗೆ ಆಯಮ್ಮ ಒಂದಿನಾನೂ ಕುಂತಿದ್ದು ನಾನು ನೋಡ್ಲಿಲ್ಲ" ಎಂದ. ಹೊಗಳಿದ್ದು ಅಕ್ಕ, ಅದು ಹೊಗಳಿಕೆ. ಕಣ್ಣನ್ನೂ ಒರೆಸಿಕೊಂಡ. ನಾವೂ ಅಳುತ್ತೇವೇನೋ ಎಂದು ಸ್ವಲ್ಪ ಕಾದ. ಆಮೇಲೆ, "ಎಲ್ರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಾಣ" ಎಂದ.

ಎದ್ದು ನಿಲ್ಲಿ ಎಂದು ಯಾರಿಗೆ ಹೇಳಿದ? ನಾವು ಕುಳಿತಿದ್ದು ಯಾವಾಗ? ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಸ ಗುಡಿಸುವ ಹೊನ್ನಮ್ಮಜ್ಜಿ ಗೊತ್ತಲ್ಲ, ಅವನನ್ನು ಚಡ್ಡಿ ಹಾಕುವ ಕಾಲದಿಂದ ಕಂಡವಳು, ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ಆ ಯಮ್ಮ ನಿಂತಿದ್ದು ಸಾಕು ಕಣಪ್ಪ. ನಾವು ಕುಂತೇ ನೆನಸ್ಕಂತೀವಿ" ಎಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೇಬಿಟ್ಟಳು.

ನಾನೂ ಕುಳಿತೆ. ನನ್ನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಕುಳಿತರು. ಎರಡು ನಿಮಿಷ ಮುಗಿದವು, ಯಾರೂ ಏಳಲಿಲ್ಲ. "ಏಳ್ರಿ, ಬಾಗ್ಲು ತೆಗೆಯೋ ಹೊತ್ತಾತು" ಎಂದ. ಏಳಲಿಲ್ಲ. "ಈಗ ಏಳ್ದೆ ಇದ್ದೋರು ನಾಳೆಯಿಂದ ಬರದೇ ಬ್ಯಾಡ" ಎಂದ. ಕೆಲಸ ಹೋಯಿತು ಎಂದುಕೊಂಡೆ. ಮನೆ ಬಾಡಿಗೆ, ಮಗಳ ಕಾಲೇಜು ಎಲ್ಲ ಕಣ್ಣ ಮುಂದೆ ಬಂದವು. ಆದರೂ ಕಾಲು ಏಳಲು ಒಪ್ಪಲಿಲ್ಲ. ನೀನಿದ್ದಿದ್ದರೆ ಏಳುತ್ತಿದ್ದೆಯೇನೋ, ನಮ್ಮನ್ನೂ ಗದರಿ ಎಬ್ಬಿಸುತ್ತಿದ್ದೆಯೇನೋ...

ಅಷ್ಟರಲ್ಲಿ ಕೆಳಗೆ ಕಾವಲಿನವನು ಷಟರ್ ಎತ್ತಿದ್ದರಿಂದ ಮದುವೆ ಜವಳಿಯ ಗಿರಾಕಿಗಳು ಮೆಟ್ಟಿಲು ಹತ್ತಿ ನಮ್ಮ ಮಹಡಿಗೆ ಬಂದರು. ಮುಂದೆ ಒಬ್ಬ ಮುದುಕಿ, ಹೊಸದುರ್ಗದ ಕಡೆಯವಳು. ನಾವೆಲ್ಲ ನೆಲದ ಮೇಲೆ ಕುಳಿತಿದ್ದನ್ನು ನೋಡಿದವಳೇ ಸೆರಗು ಸರಿಮಾಡಿಕೊಂಡು ನಮ್ಮ ನಡುವೆ ಬಂದು ಕುಳಿತಳು.

"ಹಳೇ ಕಾಲ್ದಂಗೆ ಕೆಳಗೆ ಕುಂತು ತೋರ್ಸೋ ಗಾದಿ ಅಂಗ್ಡಿ ಮಾಡೀರೇನ್ರವ್ವಾ? ಒಳ್ಳೇದಾತು ಬಿಡ್ರಿ. ಆ ಸೋಫಾದಾಗೆ ಕುಂತ್ರೆ ನಂಗೆ ಏಳಾಕೇ ಬರಲ್ಲ. ತೋರ್ಸಮ್ಮ, ಧಾರೆ ಸೀರೆ."

ಚಿಕ್ಕ ಸಾವ್ಕಾರನ ಮುಖ ನೋಡಬೇಕಿತ್ತು! ನಮ್ಮನ್ನು ಬೈಯಲು ತೆರೆದ ಬಾಯಿಯಲ್ಲೇ "ಬರ್ರಿ ಅಜ್ಜಿ, ಆರಾಮಾಗಿ ಕುಂತ್ಕಳ್ರಿ" ಎಂದ. ಮದುಮಗಳು ಕುಳಿತಳು, ಅವಳ ಚಿಕ್ಕಮ್ಮಂದಿರು ಕುಳಿತರು. ಅವತ್ತು ಮಧ್ಯಾಹ್ನದವರೆಗೆ ನಾವು ಕುಳಿತೇ ಸೀರೆ ಬಿಚ್ಚಿದೆವು, ಕುಳಿತೇ ಮಡಚಿದೆವು. ವ್ಯಾಪಾರ ಭರ್ಜರಿಯಾಯಿತು. ನಾಳೆಯಿಂದ ಬರಬೇಡಿ ಎಂಬ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಊಟದ ಹೊತ್ತಿಗೆ ನಿನ್ನ ಫೋಟೋವನ್ನು ಗೋಡೌನಿಗೆ ಕಳಿಸಿ ತನ್ನ ಕುರ್ಚಿಯಲ್ಲಿ ತಾನು ಕುಳಿತ. ಅವನ ಶ್ರದ್ಧಾಂಜಲಿ ಅಲ್ಲಿಗೆ ಮುಗಿಯಿತು. ಫೋಟೋ ನಾನು ಮನೆಗೆ ತಂದಿದ್ದೇನೆ.

ಈಗಿನ ಸುದ್ದಿ ಕೇಳು. ಅಂಗಡಿಯ ಒಂದು ಮೂಲೆಯಲ್ಲಿ ಬಿಳಿ ಗಾದಿ ಹಾಸಿ, "ಸಾಂಪ್ರದಾಯಿಕ ಮದುವೆ ಜವಳಿ" ಎಂದು ಬೋರ್ಡು ಹಾಕಿಸಿದ್ದಾನೆ. ತನ್ನದೇ ಐಡಿಯಾ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ, ಮೊಬೈಲಿನಲ್ಲಿ ವಿಡಿಯೋ ಬೇರೆ. ತಿರುಗಲಿ. ಆ ತಲೆಯಲ್ಲಿ ಐಡಿಯಾ ಹುಟ್ಟುವುದಿಲ್ಲ ಎಂದು ನಮಗೆ ಗೊತ್ತು. ಗಾದಿಯ ಮೇಲೆ ಸರದಿಯಂತೆ ಇಬ್ಬಿಬ್ಬರು ಕೂರಬೇಕು, ಉಳಿದವರು ಇನ್ನೂ ಕೌಂಟರಿನಲ್ಲಿ ನಿಂತಿರಬೇಕು. ಇಬ್ಬರಿಗಿಂತ ಹೆಚ್ಚು ಕುಳಿತರೆ ಎನರ್ಜಿ ಸೋರಿಹೋಗುತ್ತದೆ ಎಂದು ಲೆಕ್ಕ ಹಾಕಿದ್ದಾನೋ ಏನೋ.

ನಾಳೆ ಬೆಳಗಿನ ಸರದಿ ನನ್ನದು ಮತ್ತು ಹೊನ್ನಮ್ಮಜ್ಜಿಯ ಮಗಳದು, ಅವಳೂ ಈಗ ನಮ್ಮ ಕೌಂಟರಿಗೆ ಸೇರಿದ್ದಾಳೆ. ಎಲ್ಲರೂ ಮಾತಾಡಿಕೊಂಡಿದ್ದೇವೆ ಅಕ್ಕ. ಸರದಿ ಮುಗಿದರೂ ನಾವಿಬ್ಬರು ಏಳುವುದಿಲ್ಲ. ಮುಂದಿನ ಸರದಿಯವರು ಬಂದು ಪಕ್ಕದಲ್ಲೇ ಕೂರುತ್ತಾರೆ, ಆಮೇಲೆ ಅವರ ನಂತರದವರು. ಗಾದಿ ಉದ್ದಕ್ಕಿದೆ.

ನಿನ್ನ ಸುಧಾ